ಹಿಂದಿನ ಕೋಚ್ ಬಿಟ್ಟುಹೋದ ಹುಡುಗರು

ಹೊಸದಾಗಿ ಬಂದ ಬಾಸ್ಕೆಟ್‌ಬಾಲ್ ಕೋಚ್ ಎದುರು ಮೊದಲ ದಿನ ಸಾಲಾಗಿ ನಿಲ್ಲುವ ಹುಡುಗರಲ್ಲಿ ಒಬ್ಬನನ್ನೂ ಅವರು ಆರಿಸಿರುವುದಿಲ್ಲ. ಆರಿಸಿದವರು ಬೇರೆಯವರು, ಅದೂ ತಮ್ಮ ಆಟದ ಲೆಕ್ಕಕ್ಕೆ. ಎತ್ತರದ ಹುಡುಗರನ್ನು ನೆಚ್ಚಿದ ಕೋಚ್ ಬಿಟ್ಟುಹೋದ ತಂಡ ಓಟದ ಆಟ ಆಡಿಸುವವರ ಕೈಗೆ ಸಿಗುತ್ತದೆ, ದೂರದಿಂದ ಬುಟ್ಟಿಗೆ ಎಸೆಯುವವರ ತಂಡ ಒಳಗೆ ನುಗ್ಗಿಸುವವರ ಪಾಲಾಗುತ್ತದೆ. ಕ್ಲಬ್ಬುಗಳಲ್ಲಾದರೆ ಇದಕ್ಕೆ ದುಡ್ಡಿನ ದಾರಿ ಇದೆ. ಕಾಲೇಜಿನಲ್ಲಿ ಆಟಗಾರನ ಅವಧಿಯೇ ಮೂರು ನಾಲ್ಕು ವರ್ಷ. ಬೇಡವೆಂದು ದೂಡಲು ಆಗುವುದಿಲ್ಲ, ಕಾಯೋಣವೆಂದರೆ ಕಾಲ ಇಲ್ಲ.

ಕಾಲೇಜು ಬಾಸ್ಕೆಟ್‌ಬಾಲ್ ದೊಡ್ಡ ವ್ಯವಹಾರವಾಗಿರುವ ಅಮೆರಿಕದಲ್ಲಿ ಈ ಹಸ್ತಾಂತರದ ಎಲ್ಲ ಬಗೆಗಳೂ ನಡೆದುಹೋಗಿವೆ. 1989ರಲ್ಲಿ ರಾಷ್ಟ್ರೀಯ ಟೂರ್ನಿ ಶುರುವಾಗಲು ಕೆಲವೇ ದಿನ ಇರುವಾಗ ಮಿಷಿಗನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಫ್ರೀಡರ್ ಅರಿಜೋನಾ ಸ್ಟೇಟ್‌ನ ಕೆಲಸ ಒಪ್ಪಿಕೊಂಡರು. ಹೊರಟವರು ಹೊರಟೇ ಹೋಗಲಿ ಎಂದು ಕ್ರೀಡಾ ನಿರ್ದೇಶಕ ಬೋ ಷೆಂಬೆಕ್ಲರ್ ಸಹಾಯಕ ಸ್ಟೀವ್ ಫಿಷರ್ ಕೈಗೆ ತಂಡ ಕೊಟ್ಟರು. ಫಿಷರ್ ಆರಕ್ಕೆ ಆರೂ ಪಂದ್ಯ ಗೆಲ್ಲಿಸಿದರು. ಫೈನಲ್‌ನಲ್ಲಿ ಸೀಟನ್ ಹಾಲ್ ಎದುರು ಹೆಚ್ಚುವರಿ ಸಮಯದಲ್ಲಿ 80-79ರ ಗೆಲುವು. ಅಷ್ಟು ದಿನಗಳಲ್ಲಿ ಯಾವ ಕೋಚೂ ಹೊಸ ಆಟ ಕಲಿಸಲಾರರು. ಆಡುತ್ತಿದ್ದ ತಂಡವನ್ನು ಕೆಡದಂತೆ ಕಾಯ್ದದ್ದೇ ಫಿಷರ್ ಮಾಡಿದ ಕೆಲಸ, ಅದು ಸಣ್ಣ ಕೆಲಸವೇನೂ ಅಲ್ಲ.

ಕೆಂಟಕಿಯ ಟಬಿ ಸ್ಮಿತ್ ಕಥೆ ಇದರ ಕಹಿ ಮಗ್ಗುಲು. ರಿಕ್ ಪಿಟಿನೊ 1997ರಲ್ಲಿ ಬೋಸ್ಟನ್ ಸೆಲ್ಟಿಕ್ಸ್‌ಗೆ ಹೋದ ಮೇಲೆ ಬಂದ ಸ್ಮಿತ್, ಮೊದಲ ವರ್ಷವೇ, 1998ರಲ್ಲಿ, ಯೂಟಾ ತಂಡವನ್ನು 78-69ರಿಂದ ಸೋಲಿಸಿ ಪ್ರಶಸ್ತಿ ತಂದರು. ಆ ಬಳಿಕ ಒಂಬತ್ತು ವರ್ಷ ಅಲ್ಲೇ ಇದ್ದರೂ ಕೊನೆಯ ನಾಲ್ಕರ ಹಂತಕ್ಕೆ ಮತ್ತೆ ತಲುಪಲಿಲ್ಲ. ಗೆದ್ದದ್ದು ಪಿಟಿನೊ ಹುಡುಗರನ್ನು ಇಟ್ಟುಕೊಂಡು ಎಂಬ ಮಾತು ಅವರ ಬೆನ್ನು ಬಿಡಲಿಲ್ಲ. ಮಾತು ಪೂರ್ತಿ ನ್ಯಾಯದ್ದಲ್ಲ. ಅದೇ ಟೂರ್ನಿಯಲ್ಲಿ ಡ್ಯೂಕ್ ಎದುರು 17 ಅಂಕ ಹಿಂದಿದ್ದು ಗೆದ್ದಾಗ ಬೆಂಚಿನ ಬದಿಯಲ್ಲಿ ನಿಂತಿದ್ದವರು ಪಿಟಿನೊ ಅಲ್ಲ.

ನಾರ್ತ್ ಕ್ಯಾರೊಲೈನಾದಲ್ಲಿ ನಡೆದದ್ದು ಬೇರೆಯೇ. ಅಲ್ಲಿನ ಹುಡುಗರು ಹಿಂದಿನ ಕೋಚ್ ಮ್ಯಾಟ್ ಡೊಹರ್ಟಿ ವಿಷಯದಲ್ಲೇ ಅಸಮಾಧಾನಗೊಂಡಿದ್ದರು. 2003ರಲ್ಲಿ ಬಂದ ರಾಯ್ ವಿಲಿಯಮ್ಸ್ ಆ ಹುಡುಗರನ್ನೇ ಉಳಿಸಿಕೊಂಡು, ತಮ್ಮ ವೇಗದ ಆಟಕ್ಕೆ ಒಗ್ಗಿಸಿ, 2005ರಲ್ಲಿ ಇಲಿನಾಯ್ ಎದುರು 75-70ರಿಂದ ಪ್ರಶಸ್ತಿ ಗೆದ್ದರು. ಆ ತಂಡದ ಬೆನ್ನೆಲುಬಾದ ರೇಮಂಡ್ ಫೆಲ್ಟನ್, ಷಾನ್ ಮೇ, ರಷಾದ್ ಮಕ್ಯಾಂಟ್ಸ್ ಮೂವರೂ ಡೊಹರ್ಟಿ ಕರೆತಂದವರು. ಹಿಂದಿನವರನ್ನು ಕಂಡರೆ ಆಗದ ಆಟಗಾರರು ಹೊಸಬರಿಗೆ ತಾವಾಗಿ ಒಲಿಯುತ್ತಾರೆ ಎಂದು ಇದರಿಂದ ತಿಳಿಯಬೇಕಿಲ್ಲ. ಒಮ್ಮೆ ಕೋಚನ್ನು ಕದಲಿಸಿದ ಹುಡುಗರಿಗೆ ಎರಡನೆಯ ಸಲ ಅದು ಅಷ್ಟು ಕಷ್ಟವೆನಿಸುವುದಿಲ್ಲ. ಅವರನ್ನು ಎರಡು ವರ್ಷ ಹಿಡಿದಿಟ್ಟದ್ದರಲ್ಲೇ ವಿಲಿಯಮ್ಸ್ ಅವರ ಕೈಚಳಕ ಕಾಣುವುದು.

ಈಗ ಅಲ್ಲಿ ಆ ಪ್ರಶ್ನೆಯೇ ಕರಗುತ್ತಿದೆ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆಯೇ ಕಾಲೇಜು ಬದಲಿಸಬಹುದಾಯಿತು, ಕೋಚ್ ಹೋದರೆ ಹುಡುಗರೂ ಹೊರಡುತ್ತಾರೆ. 2024ರಲ್ಲಿ ಜಾನ್ ಕ್ಯಾಲಿಪರಿ ಕೆಂಟಕಿ ಬಿಟ್ಟು ಅರ್ಕನ್ಸಾಗೆ ಹೋದಾಗ ಹೊಸ ಕೋಚ್ ಮಾರ್ಕ್ ಪೋಪ್ ಪಾಲಿಗೆ ವಿದ್ಯಾರ್ಥಿವೇತನದ ಆಟಗಾರ ಒಬ್ಬನೂ ಉಳಿಯಲಿಲ್ಲ.

ಇಲ್ಲಿ, ಆಂಧ್ರದ ಗಡಿಭಾಗದಲ್ಲಿ, ಸ್ಥಿತಿ ತಿರುಗಾಮುರುಗಾ. ಹಿಂದೂಪುರ, ಪರಿಗಿ, ಮಡಕಶಿರಾ, ಕಲ್ಯಾಣದುರ್ಗದ ಕಡೆಯ ಪದವಿ ಕಾಲೇಜುಗಳು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಕಾಲೇಜಿನಲ್ಲಿ ಕೋಚ್ ಎಂದರೆ ಸಾಮಾನ್ಯವಾಗಿ ದೈಹಿಕ ಶಿಕ್ಷಣ ನಿರ್ದೇಶಕರು, ಹುಡುಗರ ಬಾಯಲ್ಲಿ ಪಿ.ಡಿ. ಸರ್. ಅವರಿಗೆ ವರ್ಗವಾಗುತ್ತದೆ, ನಿವೃತ್ತಿಯಾಗುತ್ತದೆ. ಹುಡುಗರು ಮಾತ್ರ ಎಲ್ಲಿಗೂ ಹೋಗಲಾರರು. ಹಾಸ್ಟೆಲ್, ಶುಲ್ಕ ವಾಪಸಾತಿ, ಅರ್ಧ ಮುಗಿದ ಸೆಮಿಸ್ಟರು ಎಲ್ಲವೂ ಅವರನ್ನು ಅಲ್ಲೇ ಕಟ್ಟಿಹಾಕಿರುತ್ತವೆ. ಹೊಸ ಪಿ.ಡಿ. ಸರ್‌ಗೂ ಬೇರೆ ಹುಡುಗರು ಸಿಗುವುದು ಮುಂದಿನ ವರ್ಷ ಪ್ರವೇಶ ಶುರುವಾದಾಗಲೇ, ಆಗಲೂ ಕ್ರೀಡಾ ಕೋಟಾದಲ್ಲಿ ಬರುವವರು ಬೆರಳೆಣಿಕೆಯಷ್ಟು. ಹೀಗಾಗಿ ಇಲ್ಲಿ ಬಂದ ಬಳುವಳಿ ಪೂರ್ತಿ ಬಳುವಳಿ.

ಬಳುವಳಿಯಲ್ಲಿ ಆಟಗಾರರ ಜೊತೆಗೆ ಅವರ ಅಭ್ಯಾಸಗಳೂ ಬರುತ್ತವೆ. ಹಿಂದಿನವರು ಎರಡು-ಮೂರರ ಝೋನ್ ಆಡಿಸಿದ್ದರು ಎಂದುಕೊಳ್ಳಿ: ಇಬ್ಬರು ಮುಂದೆ, ಮೂವರು ಬುಟ್ಟಿಯ ಹತ್ತಿರ. ಆ ಪದ್ಧತಿಯಲ್ಲಿ ಬೆಳೆದ ಹುಡುಗ ಕಾಯುವುದು ಜಾಗವನ್ನು. ಚೆಂಡು ಬಲಕ್ಕೆ ಹೋದರೆ ಎರಡು ಹೆಜ್ಜೆ ಬಲಕ್ಕೆ ಸರಿಯುತ್ತಾನೆ, ಕೈ ಮೇಲೆತ್ತಿ ನಿಲ್ಲುತ್ತಾನೆ, ಕಣ್ಣು ಸದಾ ಚೆಂಡಿನ ಮೇಲೆ. ಹೊಸಬರು ಮ್ಯಾನ್ ಟು ಮ್ಯಾನ್, ಅಂದರೆ ಒಬ್ಬೊಬ್ಬರೂ ಒಬ್ಬ ಎದುರಾಳಿಯನ್ನು ಕಾಯುವ ಪದ್ಧತಿ, ಹೇಳಿಕೊಟ್ಟರು ಎಂದಾಗ ಅದೇ ಹುಡುಗ ತನ್ನ ಎದುರಾಳಿಗೆ ಬೆನ್ನು ಹಾಕಿ ಚೆಂಡು ನೋಡುತ್ತ ನಿಂತುಬಿಡುತ್ತಾನೆ. ಎದುರಾಳಿ ಹಿಂದಿನಿಂದ ಬುಟ್ಟಿಯ ಕೆಳಗೆ ಜಾರಿ ಸಲೀಸಾಗಿ ಲೇ-ಅಪ್ ಹಾಕುತ್ತಾನೆ. ನೋಡುವವರ ಕಣ್ಣಿಗೆ ಇದು ಸೋಮಾರಿತನ. ನಿಜವಾಗಿ ಅವನು ಎರಡು ವರ್ಷ ಶ್ರದ್ಧೆಯಿಂದ ಕಲಿತದ್ದನ್ನೇ ಚಾಚೂ ತಪ್ಪದೆ ಮಾಡಿದ್ದಾನೆ. ಒಂದು ಕೈ ಚೆಂಡಿನ ಕಡೆ, ಇನ್ನೊಂದು ಕೈ ತನ್ನ ಎದುರಾಳಿಯ ಕಡೆ ತೋರಿಸುತ್ತ ಇಬ್ಬರನ್ನೂ ಒಟ್ಟಿಗೆ ನೋಡುವಂತೆ ನಿಲ್ಲುವುದನ್ನು ಅವನ ಕಾಲು ಕಲಿಯಬೇಕು. ಅದಕ್ಕೆ ವಾರಗಳು ಬೇಕು, ಬೈಗುಳದಿಂದ ಬೇಗ ಆಗುವುದಿಲ್ಲ.

ಕೂಗಿಕೊಳ್ಳುವುದರಲ್ಲೂ ಇದೇ ತೊಂದರೆ. ಪ್ರತಿ ಕೋಚಿಗೂ ತಮ್ಮದೇ ಸಂಕೇತಗಳಿರುತ್ತವೆ: ಮುಷ್ಟಿ ಎತ್ತಿದರೆ ಒಂದು ಆಟ, ಎರಡು ಬೆರಳು ತೋರಿದರೆ ಇನ್ನೊಂದು. ಗಡಿಭಾಗದ ತಂಡಗಳಲ್ಲಿ ಸರ್ ತೆಲುಗಿನಲ್ಲಿ ಹೇಳಿದ್ದನ್ನು ಅಂಗಳದೊಳಗೆ ಹುಡುಗರು ಕನ್ನಡದಲ್ಲಿ ದಾಟಿಸಿಕೊಳ್ಳುವುದೂ ಉಂಟು. ಇದೆಲ್ಲವನ್ನೂ ಒಂದೇ ವಾರದಲ್ಲಿ ಅಳಿಸಿದರೆ 24 ಸೆಕೆಂಡಿನೊಳಗೆ ಚೆಂಡು ಎಸೆಯಬೇಕಾದ ಆಟದಲ್ಲಿ ಐವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಜಾಣರು ಹಳೆಯ ಸಂಕೇತ ಹಾಗೇ ಇಟ್ಟು ಒಳಗಿನ ಆಟವನ್ನು ಒಂದೊಂದಾಗಿ ಬದಲಿಸುತ್ತಾರೆ. ಮೊದಲು ರಕ್ಷಣೆಗೆ ಕೈಹಾಕಿ, ಚೆಂಡು ಕೈಯಲ್ಲಿದ್ದಾಗಿನ ಆಟವನ್ನು ಆಮೇಲೆ ಮುಟ್ಟುವುದು ಒಳ್ಳೆಯದು. ಒಂದು ತಿಂಗಳ ಅಭ್ಯಾಸದಲ್ಲಿ ಫಲ ಕೊಡುವುದು ರಕ್ಷಣೆ, ಬುಟ್ಟಿಗೆ ಎಸೆಯುವ ಕೈ ಅಷ್ಟು ಬೇಗ ತಿದ್ದಿಕೊಳ್ಳದು.

ಆಟಗಾರರನ್ನು ಕೊಳ್ಳಲಾಗದ ಕೋಚ್ ಏನು ಮಾಡಬಹುದು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಒಳ್ಳೆಯ ಉದಾಹರಣೆ ಇರುವುದು ಕ್ರಿಕೆಟ್‌ನಲ್ಲಿ. ರಣಜಿ ತಂಡಕ್ಕೆ ಹರಾಜಿಲ್ಲ, ರಾಜ್ಯದ ಹುಡುಗರೇ ಬಂಡವಾಳ. 2013ರ ಜನವರಿಯಲ್ಲಿ ರಾಜಕೋಟ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಚೇತೇಶ್ವರ ಪೂಜಾರ 352 ಹೊಡೆದು ಕರ್ನಾಟಕವನ್ನು ಹೊರದಬ್ಬಿದ್ದರು. 1998-99ರ ಬಳಿಕ ರಣಜಿ ಟ್ರೋಫಿ ರಾಜ್ಯಕ್ಕೆ ಬಂದೇ ಇರಲಿಲ್ಲ. 2013ರಲ್ಲೇ ಜೆ. ಅರುಣ್‌ಕುಮಾರ್ ಕೋಚ್ ಆದರು. ಇಂಥ ಹೊತ್ತಿನಲ್ಲಿ ಹೊಸಬರಿಗೆ ತಂಡವನ್ನು ಬುಡಮೇಲು ಮಾಡುವ ಆಸೆ ಹುಟ್ಟುವುದು ಸಹಜ. ಆದರೆ ವಿನಯ್ ಕುಮಾರ್ ನಾಯಕರಾಗಿಯೇ ಉಳಿದರು. ರಾಬಿನ್ ಉತ್ತಪ್ಪ, ಮನೀಷ್ ಪಾಂಡೆ, ಸಿ.ಎಂ. ಗೌತಮ್, ಸ್ಟುವರ್ಟ್ ಬಿನ್ನಿ, ಅಭಿಮನ್ಯು ಮಿಥುನ್, ಎಸ್. ಅರವಿಂದ್ ಎಲ್ಲರೂ ಹಳಬರೇ. 2010-11ರಲ್ಲೇ ಮೊದಲ ಪಂದ್ಯ ಆಡಿದ್ದ ಕೆ.ಎಲ್. ರಾಹುಲ್ 2013-14ರ ರಣಜಿಯಲ್ಲಿ 1033 ರನ್ ಗಳಿಸಿದರು. ಹೊಸಬರು ಇಲ್ಲದೇ ಇರಲಿಲ್ಲ, ಕರುಣ್ ನಾಯರ್ ಮತ್ತು ಶ್ರೇಯಸ್ ಗೋಪಾಲ್ ಆ ಋತುವಿನಲ್ಲೇ ರಣಜಿಗೆ ಕಾಲಿಟ್ಟವರು. ಆದರೆ ಅವರು ಬಂದದ್ದು ಗಟ್ಟಿಯಾಗಿ ನಿಂತಿದ್ದ ತಂಡದೊಳಕ್ಕೆ. ಫಲ ಗೊತ್ತಿರುವುದೇ. ಹೈದರಾಬಾದಿನಲ್ಲಿ ಮಹಾರಾಷ್ಟ್ರ ಎದುರು ಏಳು ವಿಕೆಟ್ ಗೆಲುವು. ಮರುವರ್ಷ ಮುಂಬೈಯಲ್ಲಿ ತಮಿಳುನಾಡು ಎದುರು ಇನಿಂಗ್ಸ್ ಹಾಗೂ 217 ರನ್ ಗೆಲುವು, ಕರುಣ್ 328. ಎರಡೂ ವರ್ಷ ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿ ಕೂಡ.

ಅರುಣ್‌ಕುಮಾರ್‌ಗೆ ಒಂದು ಅನುಕೂಲವಿತ್ತು. ವಿನಯ್, ಉತ್ತಪ್ಪ ಅವರ ಜೊತೆ ತಾವೇ ರಾಜ್ಯಕ್ಕೆ ಆಡಿದವರು. ಇದು ಎರಡೂ ಬದಿ ಕೊಯ್ಯುತ್ತದೆ: ಹಿರಿಯ ಆಟಗಾರರು ಮಾತು ಕೇಳುತ್ತಾರೆ, ಸಲಿಗೆಯನ್ನೂ ತೆಗೆದುಕೊಳ್ಳುತ್ತಾರೆ. ಎರಡು ಋತುವಿನ ಫಲಿತಾಂಶ ನೋಡಿದರೆ ಅಲ್ಲಿ ಮೊದಲನೆಯದೇ ಹೆಚ್ಚು ಕೆಲಸ ಮಾಡಿತೆನ್ನಬೇಕು.

ಹಿರಿಯ ಆಟಗಾರ ಕೋಚಿಗಿಂತ ಬಲಶಾಲಿಯಾದಾಗ ಏನಾಗುತ್ತದೆ ಎಂಬುದನ್ನು ಅನಿಲ್ ಕುಂಬ್ಳೆ ಅನುಭವ ತೋರಿಸುತ್ತದೆ. 2016ರ ಜೂನ್‌ನಲ್ಲಿ ಭಾರತ ತಂಡದ ಕೋಚ್ ಆದ ಅವರಿಗೆ ನಾಯಕ ವಿರಾಟ್ ಕೊಹ್ಲಿ ರವಿ ಶಾಸ್ತ್ರಿ ಕಾಲದಿಂದಲೇ ಬಂದವರು. ಒಂದು ವರ್ಷದಲ್ಲಿ 17 ಟೆಸ್ಟ್, 12 ಗೆಲುವು, ಒಂದೇ ಸೋಲು. ಆದರೂ 2017ರ ಜೂನ್‌ನಲ್ಲಿ, ಚಾಂಪಿಯನ್ಸ್ ಟ್ರೋಫಿ ಫೈನಲ್ ಮುಗಿದ ಎರಡೇ ದಿನಕ್ಕೆ, ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕರಿಗೆ ಆಕ್ಷೇಪ ಇದೆಯೆಂದು ಮಂಡಳಿ ತಿಳಿಸಿದ್ದಾಗಿ ಹೇಳಿ ರಾಜೀನಾಮೆ ಕೊಟ್ಟರು. ಗೆಲುವು ಈ ಸಂಬಂಧವನ್ನು ಉಳಿಸಲಿಲ್ಲ. ಕಾಲೇಜು ತಂಡದಲ್ಲೂ ಹಿಂದಿನ ಸರ್ ಮಾಡಿಟ್ಟ ಕ್ಯಾಪ್ಟನ್ ಇರುತ್ತಾನೆ, ಹುಡುಗರು ಅವನ ಮುಖ ನೋಡಿಯೇ ಹೊಸ ಸರ್ ಮಾತಿಗೆ ತಲೆಯಾಡಿಸುವುದು. ಅವನನ್ನು ಮೊದಲ ವಾರವೇ ಇಳಿಸುವುದಾಗಲಿ, ಎಲ್ಲ ಅವನಿಗೇ ಬಿಡುವುದಾಗಲಿ ಎರಡೂ ಕೆಟ್ಟದ್ದು. ಅಭ್ಯಾಸ ಶುರುವಾಗುವ ಮೊದಲೇ ಅವನನ್ನು ಪ್ರತ್ಯೇಕ ಕೂರಿಸಿಕೊಂಡು ಏನು ಬದಲಾಗುತ್ತದೆ ಎಂದು ಹೇಳಿಬಿಡುವುದು ಲೇಸು. ಉಳಿದವರ ಎದುರು ಅವನು ಮೊದಲ ಸಲ ಕೇಳಿಸಿಕೊಳ್ಳುವಂತೆ ಆಗಬಾರದು.

ಕಬಡ್ಡಿಯಲ್ಲಿ ಹರಾಜು ಇದೆ, ಬೇಡದವರನ್ನು ಬಿಡಬಹುದು. ಹಾಗಿದ್ದೂ ಉಳಿಸಿಕೊಂಡು ಬೆಳೆಸಿದ ಕನ್ನಡಿಗ ಕೋಚ್ ಬಿ.ಸಿ. ರಮೇಶ್. ಪುಣೇರಿ ಪಲ್ಟನ್‌ನಲ್ಲಿ ಅವರಿಗಿಂತ ಮುಂಚೆ ಇದ್ದವರು 2016ರ ವಿಶ್ವಕಪ್ ಗೆದ್ದ ಭಾರತದ ನಾಯಕ ಅನೂಪ್ ಕುಮಾರ್. ಪಂಕಜ್ ಮೋಹಿತೆ, ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್ ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದ್ದು ಅನೂಪ್ ಕೈಕೆಳಗೆ. 2022ರಲ್ಲಿ ಬಂದ ರಮೇಶ್ ಈ ಮೂವರು ರೈಡರ್‌ಗಳನ್ನು ಉಳಿಸಿಕೊಂಡರು. ಅನುಭವಕ್ಕೆಂದು ಇರಾನಿನ ಫಜಲ್ ಅತ್ರಾಚಲಿ, ಮಹಮ್ಮದ್ ನಬಿಬಕ್ಷ್ ಅವರನ್ನು ತಂಡ ಕೊಂಡಿತು. ಆ ಡಿಸೆಂಬರ್‌ನ ಫೈನಲ್‌ನಲ್ಲಿ ಜೈಪುರದ ಎದುರು 29-33ರ ಸೋಲು.

ಮುಂದಿನದು ಇನ್ನೂ ಕುತೂಹಲದ್ದು. ಹತ್ತನೆಯ ಆವೃತ್ತಿಗೆ ಫಜಲ್ ಇರಲಿಲ್ಲ, ನಾಯಕನ ಪಟ್ಟ ಅಸ್ಲಂಗೆ ಬಂತು. ಇರಾನಿನ ಎಡ ಕಾರ್ನರ್ ಮಹಮ್ಮದ್‌ರೆಜಾ ಶಾದ್ಲೂಯಿಗೆ ತಂಡ 2.35 ಕೋಟಿ ಸುರಿಯಿತು. ಆದರೆ ದುಬಾರಿ ಆಟಗಾರ ಬಂದನೆಂದು ಹುಡುಗರ ತಂಡ ಅವನ ತಂಡವಾಗಲಿಲ್ಲ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ಎದುರು ಫೈನಲ್ ಅನ್ನು 28-25ರಿಂದ ಗೆದ್ದಾಗ, ವಿರಾಮಕ್ಕೆ ಸ್ವಲ್ಪ ಮುಂಚೆ ಒಂದೇ ರೈಡಿನಲ್ಲಿ ನಾಲ್ಕು ಅಂಕ ತಂದವರು ಪಂಕಜ್, ಅನೂಪ್ ಕಾಲದಿಂದ ಉಳಿದವರು. ಆ ಪ್ರಶಸ್ತಿಯಲ್ಲಿ ಎಷ್ಟು ಪಾಲು ಅನೂಪ್‌ದು, ಎಷ್ಟು ರಮೇಶ್‌ದು ಎಂದು ತೂಗುವುದು ವ್ಯರ್ಥ. ಒಬ್ಬರು ಹುಡುಗರನ್ನು ಕಂಡುಹಿಡಿದರು, ಇನ್ನೊಬ್ಬರು ಅವರಿಗೆ ಸೋತ ಫೈನಲ್‌ನ ಬಳಿಕವೂ ಜಾಗ ಕೊಟ್ಟರು. ಹೊಸ ಕೋಚಿನ ನಿಜವಾದ ಲೆಕ್ಕ ಎರಡನೆಯ ವರ್ಷದ್ದು. ಮೊದಲ ವರ್ಷದ ಗೆಲುವಾಗಲಿ ಸೋಲಾಗಲಿ ಅರ್ಧ ಹಿಂದಿನವರ ಖಾತೆಗೆ ಹೋಗುತ್ತದೆ.

ಕಾಲೇಜಿನಲ್ಲಿ ಆ ಎರಡನೆಯ ವರ್ಷ ಎಲ್ಲರಿಗೂ ಇರುವುದಿಲ್ಲ. ಕೊನೆಯ ವರ್ಷದ ಹುಡುಗನ ವಿಷಯ ಅದಕ್ಕೇ ನಾಜೂಕು. ಬರುವ ವರ್ಷಗಳಿಗಾಗಿ ತಂಡ ಕಟ್ಟುವ ಪಿ.ಡಿ. ಸರ್‌ಗೆ ಅವನಿಂದ ಲಾಭವಿಲ್ಲ, ಮೊದಲ ವರ್ಷದವನನ್ನು ಆಡಿಸಿದರೆ ಮುಂದಕ್ಕಾಗುತ್ತದೆ. ಹುಡುಗನ ಲೆಕ್ಕ ಬೇರೆ. ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಪ್ರಮಾಣಪತ್ರ ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಅರ್ಹತೆ ಕೊಡುತ್ತದೆ. ವಿಶ್ವವಿದ್ಯಾಲಯದ ಆಯ್ಕೆಗಾರರ ಕಣ್ಣಿಗೆ ಬೀಳಬೇಕಾದರೆ ಮೊದಲು ಅಂತರ ಕಾಲೇಜು ಪಂದ್ಯಗಳಲ್ಲಿ ಆಡಬೇಕು. ಹೊಸ ಸರ್ ಅಲ್ಲಿ ಅವನನ್ನು ಬೆಂಚಿನಲ್ಲಿ ಕೂರಿಸಿದರೆ ಅಂಚೆ ಇಲಾಖೆಗೆ ಹಾಕುವ ಅರ್ಜಿಗೆ ಲಗತ್ತಿಸಲು ಅವನ ಕೈಯಲ್ಲಿ ಕಾಗದವೇ ಇರುವುದಿಲ್ಲ. ಬಾಸ್ಕೆಟ್‌ಬಾಲ್ ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರಿಗೆ ಜಾಗವಿದೆ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹತ್ತು ನಿಮಿಷದ ನಾಲ್ಕು ಅವಧಿಗಳಲ್ಲಿ ಅಂಥವನಿಗೆ ಆರೇಳು ನಿಮಿಷ ಹೊಂದಿಸಿಕೊಡುವುದು ಅನುಭವಿ ಪಿ.ಡಿ.ಗಳಿಗೆ ಕಷ್ಟವಲ್ಲ. ಎರಡನೆಯ ಅವಧಿಯ ನಡುವೆ, ಮುಖ್ಯ ಆಟಗಾರರು ದಣಿವಾರಿಸಿಕೊಳ್ಳುವಾಗ, ಅವನನ್ನು ಅವನಿಗೆ ಒಗ್ಗಿದ ಹಳೆಯ ಝೋನಿನಲ್ಲೇ ಇಳಿಸಬಹುದು.