ಮಲ್ಲಾಪುರದ ಮಲ್ಲಿಕಾರ್ಜುನ: ಐತಿಹ್ಯ ಮತ್ತು ಶಾಸನ

ದೇವಾಲಯವೊಂದರ ಪ್ರಾಚೀನತೆಯನ್ನು ಹೇಳುವಾಗ ಭಕ್ತಿಯು ಕಾಲವನ್ನು ಹಿಂದಕ್ಕೊಯ್ಯುವುದು ಸಹಜ. ಚರಿತ್ರೆಯಾದರೋ ದೊರೆತ ಆಧಾರದ ಬಳಿಯೇ ನಿಲ್ಲಬೇಕಾಗುತ್ತದೆ. ಬೆಂಗಳೂರಿನ ರಾಜಾಜಿನಗರಕ್ಕೆ ಮೂಡಣ ನೆರೆಯಾದ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯವು ಇದಕ್ಕೊಂದು ಉತ್ತಮ ನಿದರ್ಶನ.

ಈ ಗುಡಿಯನ್ನು ಶಿವಾಜಿಯ ಮಲಸಹೋದರನಾದ ಏಕೋಜಿಯು ಕಟ್ಟಿಸಿದನೆಂಬುದು ಪ್ರಚಲಿತವಾದ ಹೇಳಿಕೆ. ಇದಕ್ಕೆ ಆಧಾರವೆಂದು ತೋರಿಸುವುದು ಇಲ್ಲಿನ 1669ರ ಶಾಸನವನ್ನು. ಆದರೆ ಅದು ದಾನಶಾಸನ. ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯೆಂಬ ಗ್ರಾಮವನ್ನು ಬಿಟ್ಟುದನ್ನು ಅದು ತಿಳಿಸುತ್ತದೆ. ದೇವರಿಗೆ ದತ್ತಿ ಬಿಡಬೇಕಾದರೆ ದೇವರು ಮೊದಲೇ ಅಲ್ಲಿ ಪೂಜೆಗೊಳ್ಳುತ್ತಿರಬೇಕಷ್ಟೆ. ದಾನಿಯನ್ನೇ ನಿರ್ಮಾಪಕನೆಂದು ಬಗೆಯುವುದು ಶಾಸನವು ಹೇಳದುದನ್ನು ಅದರ ಬಾಯಿಂದ ಹೇಳಿಸಿದಂತೆ. ಹಾಗೆಂದು ಗುಡಿಗೆ ಸಾವಿರಾರು ವರ್ಷಗಳ ವಯಸ್ಸನ್ನು ಕಟ್ಟುವುದೂ ಯುಕ್ತವಲ್ಲ. ಎದುರಿನ ನಂದಿತೀರ್ಥವು 1997ರಲ್ಲಿ ಮಣ್ಣಿನಡಿಯಿಂದ ಹೊರಬಂದಾಗ ಅಂಥ ಮಾತುಗಳು ಹಬ್ಬಿದವು. ಹೂತುಹೋಗಿದ್ದುದೆಲ್ಲ ಅತಿ ಪ್ರಾಚೀನವೆಂಬುದು ಪ್ರಮಾಣವಾಗಲಾರದು.

ಶಾಸನದ ನಿಜವಾದ ಬೆಲೆ ಬೇರೆಡೆ ಇದೆ. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾಗಿ, ಶಹಾಜಿಯ ಜಹಗೀರಾಯಿತು. ಆ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತು. ಪ್ರಭುತ್ವಗಳು ಹೀಗೆ ಮಗುಚುತ್ತಿದ್ದ ಕಾಲದಲ್ಲಿಯೂ ಕಾಡಂಚಿನ ಶಿವನ ಪೂಜೆಗೆ ಹಳ್ಳಿಯೊಂದರ ಉತ್ಪನ್ನವು ಮೀಸಲಾಯಿತೆಂಬುದು ಗಮನಾರ್ಹ.

ಇನ್ನು ಆ ಹಳ್ಳಿಯ ಹೆಸರು. ‘ನಿಂಗ’ ಎಂಬುದು ‘ಲಿಂಗ’ದ ಜನಪದ ರೂಪ, ‘ಮೇದರ’ ಎಂಬುದು ಬಿದಿರು ಕಾಯಕದವರ ಹೆಸರು. ಶರಣ ಮೇದಾರ ಕೇತಯ್ಯನನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬುಟ್ಟಿ ಹೆಣೆಯುವ ನಿಂಗನೊಬ್ಬನ ಹೆಸರಿನಿಂದ ಆ ಊರು ಬೆಳೆಯಿತೆಂದು ಪದರಚನೆಯಿಂದ ಊಹಿಸಬಹುದು. 1898ರ ಪ್ಲೇಗಿನ ತರುವಾಯ ಹೊಸ ಬಡಾವಣೆ ಎದ್ದಿತು. ಮಲ್ಲಾಪುರವು ಮಲ್ಲೇಶ್ವರದಲ್ಲಿ ಅಡಗಿತು. ಮೇದರನಿಂಗನಹಳ್ಳಿಯಂತೂ ನಗರದ ನಕ್ಷೆಯಲ್ಲಿ ಉಳಿಯಲೇ ಇಲ್ಲ.

ಏಕೋಜಿಯ ಹೆಸರನ್ನು ಉಳಿಸಲು ಇತಿಹಾಸಗ್ರಂಥಗಳಿವೆ. ನಿಂಗನ ಊರಿಗಾದರೋ ಈ ಕಲ್ಲೇ ಆಸರೆ. ಶಾಸನವನ್ನು ದೊರೆಯ ಕೀರ್ತಿಗಾಗಿ ಮಾತ್ರ ಓದುವವರು ಅದರ ಅರ್ಧವನ್ನೇ ಓದಿದಂತಾಗುತ್ತದೆ.