ಉಜಿರೆಯ ಆಯ್ಕೆ ಊರೂರಿಗೂ ಒಪ್ಪುವುದೇ?

1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಇದಕ್ಕೆ ಹೆಗಲು ಕೊಟ್ಟವು. ಹಳ್ಳಿಯ ನಿರುದ್ಯೋಗಿ ಯುವಜನರಿಗೆ ಊಟ ವಸತಿಯೊಂದಿಗೆ ಉಚಿತ ತರಬೇತಿ, ಆಮೇಲೆ ಸ್ವಂತ ಉದ್ಯೋಗ ನೆಲೆಗೊಳ್ಳುವವರೆಗೆ ಬೆಂಬಲ. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನೇ ಮಾದರಿಯಾಗಿಟ್ಟುಕೊಂಡು ಬ್ಯಾಂಕುಗಳ ಮೂಲಕ ಜಿಲ್ಲೆಗೊಂದು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ತೆರೆಯಲು ಮುಂದಾಯಿತು. ಸಂಸ್ಥೆಯ ಜೊತೆಗೆ ಅದರ ಆಯ್ಕೆಯ ಕ್ರಮವೂ ದೇಶ ಸುತ್ತಿತು: ಅರ್ಜಿ, ಸಂದರ್ಶನ, ತರಬೇತಿ. ಉಜಿರೆಯಲ್ಲಿ ಸರಿಯಾದವರನ್ನು ಹೆಕ್ಕಿದ ಸಂದರ್ಶನ ರಾಯಚೂರಿನಲ್ಲೂ ಹೆಕ್ಕೀತು ಎನ್ನಲು ಆಧಾರವೇನು?

ನೌಕರರ ಆಯ್ಕೆಯನ್ನು ಅಧ್ಯಯನ ಮಾಡುವವರು ಈ ಪ್ರಶ್ನೆಯೊಡನೆ ದಶಕಗಟ್ಟಲೆ ಸೆಣಸಿದ್ದಾರೆ. ಪರೀಕ್ಷೆಯೊಂದು ಮುಂದಿನ ಕೆಲಸದ ಗುಣವನ್ನು ಎಷ್ಟು ಸರಿಯಾಗಿ ಹೇಳುತ್ತದೆ ಎಂಬುದೇ ಅದರ ಸಪ್ರಮಾಣತೆ. ಒಂದು ಕಾರ್ಖಾನೆಯಲ್ಲಿ ಫಲ ಕೊಟ್ಟ ಪರೀಕ್ಷೆ ಇನ್ನೊಂದರಲ್ಲಿ ಸೋಲುತ್ತಿದ್ದುದರಿಂದ, ಪ್ರತಿ ಕಾರ್ಖಾನೆಯೂ ತನ್ನದೇ ಅಧ್ಯಯನ ನಡೆಸಬೇಕೆಂದು ನಂಬಿದ್ದರು. 1977ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಈ ನಂಬಿಕೆಯ ಬುಡವನ್ನೇ ಅಲುಗಾಡಿಸಿದರು. ಐವತ್ತು ಅರವತ್ತು ಜನರ ಸಣ್ಣ ಅಧ್ಯಯನಗಳಲ್ಲಿ ಕಾಣುವ ಏರುಪೇರು ಬಹುಮಟ್ಟಿಗೆ ಆಕಸ್ಮಿಕ. ಎಲ್ಲವನ್ನೂ ಒಟ್ಟು ಸೇರಿಸಿ ಅಳತೆಯ ದೋಷಗಳನ್ನು ತಿದ್ದಿದರೆ ಊರಿಂದೂರಿನ ವ್ಯತ್ಯಾಸ ಬಹಳಷ್ಟು ಕರಗುತ್ತದೆ ಎಂದು ತೋರಿಸಿದರು. ಇದು ದೊಡ್ಡ ಸಾಧನೆ. ಇಪ್ಪತ್ತೈದು ಮೂವತ್ತು ಜನರ ಒಂದು ತಂಡದ ಗೆಲುವನ್ನೋ ಸೋಲನ್ನೋ ನೋಡಿ ಆಯ್ಕೆಯ ಕ್ರಮವನ್ನೇ ಬದಲಿಸಬಾರದೆಂಬ ವಿವೇಕವನ್ನು ಕಲಿಸಿದ್ದು ಈ ಕೆಲಸವೇ.

ಆದರೆ ತಿದ್ದುಪಡಿಯಲ್ಲೇ ತೊಡಕಿತ್ತು. ಆಯ್ಕೆಯಾದವರ ಸಾಧನೆ ಮಾತ್ರ ನಮಗೆ ಗೊತ್ತು, ತಿರಸ್ಕೃತರದ್ದು ಗೊತ್ತಿಲ್ಲ. ಆ ಕೊರತೆಯನ್ನು ಲೆಕ್ಕದಲ್ಲಿ ತುಂಬಿಸಿಕೊಂಡೇ 1998ರಲ್ಲಿ ಅವರಿಬ್ಬರೂ ಸಾಮಾನ್ಯ ಬುದ್ಧಿಶಕ್ತಿ ಪರೀಕ್ಷೆಗೆ ಕೆಲಸದ ಗುಣದೊಡನೆ 0.51ರ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ನಂಟು) ಕೊಟ್ಟರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಮರಳಿ ಪರಿಶೀಲಿಸಿದಾಗ ಅದು 0.31ಕ್ಕೆ ಇಳಿಯಿತು. ಈಗಾಗಲೇ ಕೆಲಸದಲ್ಲಿದ್ದವರ ಮೇಲೆ ನಡೆದ ಅಧ್ಯಯನಗಳಿಗೂ ಅಷ್ಟೇ ದೊಡ್ಡ ತಿದ್ದುಪಡಿ ಹಾಕಿದ್ದು ತಪ್ಪೆಂಬುದು ಅವರ ವಾದ. ಈಗ ಮುಂದೆ ಬಂದದ್ದು 0.42 ಪಡೆದ ಕ್ರಮಬದ್ಧ ಸಂದರ್ಶನ, ಅಂದರೆ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಳತೆಗೋಲು. ಹಾಗಿದ್ದೂ ಅದರ ಫಲ ಸನ್ನಿವೇಶದಿಂದ ಸನ್ನಿವೇಶಕ್ಕೆ ಸಾಕಷ್ಟು ಬದಲಾಗುತ್ತದೆ. ಸರಾಸರಿ ಎಷ್ಟೇ ಚೆನ್ನಾಗಿದ್ದರೂ ನಮ್ಮ ಊರಿನ ಫಲಕ್ಕೆ ಅದು ಜಾಮೀನಲ್ಲ.

ಆರ್‌ಸೆಟಿಗಳ ಲೆಕ್ಕದಲ್ಲೂ ಇದೇ ಕೊರತೆ ಕಾಣುತ್ತದೆ. ಅವುಗಳ ಯಶಸ್ಸನ್ನು ಅಳೆಯುವುದು ತರಬೇತಿ ಪಡೆದವರಲ್ಲಿ ಎಷ್ಟು ಜನ ನೆಲೆ ನಿಂತರು ಎಂಬುದರಿಂದ. ಈ ಅಂಕಿ ತರಬೇತಿಯ ಫಲವನ್ನೂ ಆಯ್ಕೆಯ ಫಲವನ್ನೂ ಬೇರ್ಪಡಿಸಲಾರದು. ಸಂದರ್ಶನದಲ್ಲಿ ಬಿಟ್ಟುಹೋದ ಹುಡುಗಿ ಊರಿಗೆ ಹೋಗಿ ತಾನೇ ಟೈಲರಿಂಗ್ ಅಂಗಡಿ ಇಟ್ಟು ಗೆದ್ದಿದ್ದರೆ, ನಮ್ಮ ಆಯ್ಕೆ ತಪ್ಪಿತೆಂದು ತಿಳಿಯುವುದಾದರೂ ಹೇಗೆ?

ಇನ್ನೂ ಒಂದು ಎಚ್ಚರ ಬೇಕು. ಆ ಸಂಶೋಧನೆಗಳು ಬಹುಪಾಲು ಅಳೆದದ್ದು ಸಂಬಳದ ನೌಕರರನ್ನು, ಅದೂ ಮೇಲಧಿಕಾರಿ ಕೊಟ್ಟ ಅಂಕದಿಂದ. ಸ್ವಂತ ಉದ್ಯೋಗದ ಅಳಿವು ಉಳಿವು ಒಬ್ಬರ ಗುಣದಿಂದಷ್ಟೇ ತೀರ್ಮಾನವಾಗುವುದಿಲ್ಲ. ಬೆಳ್ತಂಗಡಿಯಲ್ಲಿ ಅಡಿಕೆ, ರಬ್ಬರ್ ಬೆಳೆಯ ಹಣವಿದೆ, ಧರ್ಮಸ್ಥಳಕ್ಕೆ ಬರುವ ಯಾತ್ರಿಕರ ವ್ಯಾಪಾರವಿದೆ. ಮಳೆಯನ್ನೇ ನಂಬಿದ ಒಣ ತಾಲ್ಲೂಕಿನಲ್ಲಿ ಅಷ್ಟೇ ಜಾಣ, ಅಷ್ಟೇ ಶ್ರಮಜೀವಿ ಯುವಕನ ಅಂಗಡಿ ಬರಗಾಲದ ವರ್ಷ ಮುಚ್ಚಬಹುದು. ಅದನ್ನು ಆಯ್ಕೆಯ ಸೋಲೆಂದು ಬರೆದುಕೊಳ್ಳುವುದು ಅನ್ಯಾಯ.

ಹಾಗೆಂದು ಪ್ರತಿ ಜಿಲ್ಲೆಯೂ ತನ್ನಷ್ಟಕ್ಕೆ ಮೊದಲಿಂದ ಶುರುಮಾಡಬೇಕಿಲ್ಲ. ಅದು 1977ಕ್ಕಿಂತ ಹಿಂದಿನ ತಪ್ಪಿಗೆ ಮರಳಿದಂತೆ. ಎಲ್ಲ ಕೇಂದ್ರಗಳೂ ಸಂದರ್ಶನಕ್ಕೆ ಒಂದೇ ಪ್ರಶ್ನಾವಳಿ ಬಳಸಲಿ, ಅಂಕಗಳನ್ನು ಬರೆದಿಡಲಿ. ತರಬೇತಿಯ ಬಳಿಕ ಎರಡು ವರ್ಷ ಬೆಂಬಲಿಸುವ ಪದ್ಧತಿ ಹೇಗೂ ಇದೆ. ಅದೇ ಅವಧಿಯಲ್ಲಿ, ಒಪ್ಪಿಗೆ ಪಡೆದು, ಆಯ್ಕೆಯಾಗದವರನ್ನೂ ವಿಚಾರಿಸಲಿ. ಜಿಲ್ಲೆಗಳ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದರೆ ಎಲ್ಲೆಡೆ ಸಲ್ಲುವುದು ಯಾವುದು, ಆಯಾ ನೆಲಕ್ಕಷ್ಟೇ ಸಲ್ಲುವುದು ಯಾವುದು ಎಂದು ಬೇರ್ಪಡಿಸಬಹುದು. ಹಳ್ಳಿಯ ಯುವಜನರ ಪಾಲಿಗೆ ಆ ಸಂದರ್ಶನ ಬದುಕಿನ ತಿರುವು. ಅದನ್ನು ನಡೆಸುವವರು ಉಜಿರೆಯ ಹೆಸರನ್ನಷ್ಟೇ ನಂಬದೆ ತಮ್ಮ ತೀರ್ಪಿಗೆ ಪುರಾವೆ ಇಟ್ಟುಕೊಳ್ಳಬೇಕು.