ವಿಶ್ವಕೋಶದಲ್ಲಿ ವೀರ: ಮುರಳೀಕಾಂತ ಪೇಟಕರರ ಚರಿತ್ರೆಯ ಒಂದು ಪರಿಶೀಲನೆ

ಮಿರಜೆಯಿಂದ ಸಾಂಗಲಿ, ಆಷ್ಟಾ, ಇಸ್ಲಾಂಪುರಗಳ ಮಾರ್ಗವಾಗಿ ಪುಣೆಗೆ ಹೋಗುವವರು ಹೆದ್ದಾರಿಯನ್ನು ಕೂಡಿಕೊಳ್ಳುವ ಸ್ಥಳ ಪೇಠ ನಾಕಾ. ನಮ್ಮ ಶಿಕ್ಷಕ ಬಂಧುಗಳಲ್ಲಿ ಅನೇಕರು ಅಲ್ಲಿ ಇಳಿದು ಚಹ ಕುಡಿದು ಮುಂದೆ ಸಾಗಿರಬಹುದು. ಆ ನೆಲದಲ್ಲಿ 1944ರಲ್ಲಿ ಹುಟ್ಟಿದ ಒಬ್ಬ ಸಿಪಾಯಿ, 1972ರಲ್ಲಿ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ ನಗರದಲ್ಲಿ ಈಜಿ, ಇಂದು ಪ್ಯಾರಾಲಿಂಪಿಕ್ಸ್ ಎಂದು ಕರೆಯಲಾಗುವ ಅಂಗವಿಕಲರ ಜಾಗತಿಕ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊತ್ತಮೊದಲಿನ ಬಂಗಾರದ ಪದಕವನ್ನು ಗಳಿಸಿಕೊಟ್ಟನೆಂಬ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿತ್ತು? 2018ರಲ್ಲಿ ಪದ್ಮಶ್ರೀ ದೊರೆತಾಗ ಕೆಲವರಿಗೆ ತಿಳಿಯಿತು. 2024ರಲ್ಲಿ ಚಲನಚಿತ್ರ ಬಂದಾಗ ಉಳಿದವರಿಗೆ ತಿಳಿಯಿತು. ಮುರಳೀಕಾಂತ ಪೇಟಕರರ ಹೆಸರು ಈಗ ಮಕ್ಕಳ ಬಾಯಲ್ಲಿದೆ. ಆದರೆ ಆ ಮಕ್ಕಳು ಬರೆದು ತರುವ ಪ್ರಕಲ್ಪಗಳನ್ನು ಓದುವಾಗ ನಮಗೆ ಸಂತೋಷದೊಡನೆ ಒಂದು ಚಿಂತೆಯೂ ಉಂಟಾಗುವದು. ಒಬ್ಬನ ವಹಿಯಲ್ಲಿ ಪದಕ ಬಂದುದು ಮ್ಯೂನಿಕ್ ನಗರದಲ್ಲಿ. ಇನ್ನೊಬ್ಬಳ ವಹಿಯಲ್ಲಿ ಅದು ಒಲಿಂಪಿಕ್ ಪದಕ. ಮೂರನೆಯವನು ಚಲನಚಿತ್ರದ ದೃಶ್ಯವೊಂದನ್ನು ಇತಿಹಾಸವೆಂದೇ ಬರೆದಿರುತ್ತಾನೆ.

ಇಂದಿನ ವಿದ್ಯಾರ್ಥಿಯು ಮೊದಲು ತೆರೆಯುವದು ಜಾಲದ ಮೇಲಿನ ವಿಶ್ವಕೋಶವನ್ನು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಇದನ್ನು ದೋಷವೆಂದು ಹಳಿಯುವವರಿದ್ದಾರೆ; ನಾವು ಹಾಗೆ ಹಳಿಯುವದಿಲ್ಲ. ಏಕೆಂದರೆ ಬರೆದ ಲೇಖನವನ್ನು ಸಹಬರಹಗಾರರ ಮುಂದಿಟ್ಟು, ಅವರಿಂದ ತಪ್ಪು ಒಪ್ಪುಗಳನ್ನು ಹೇಳಿಸಿಕೊಳ್ಳುವ ಪದ್ಧತಿಯೂ ಅಲ್ಲಿಯೇ ಇದೆ. ಒಬ್ಬರು ತಪಾಸಿಸಿದ ಉತ್ತರಪತ್ರಿಕೆಯನ್ನು ಇನ್ನೊಬ್ಬ ಮಾಸ್ತರರು ಮತ್ತೆ ನೋಡುವಂಥ ಕೆಲಸವದು. ಹಾಗಾದರೆ ಪೇಟಕರರಂಥ ಯೋಧ-ಕ್ರೀಡಾಪಟುವಿನ ಚರಿತ್ರೆ ನಮ್ಮ ಮುಂದೆ ಪರಿಶೀಲನೆಗೆ ಬಂದರೆ ನಾವು ಅದನ್ನು ಹೇಗೆ ನೋಡಬೇಕು? ಯಾವುದನ್ನು ತೆಗೆಯಬೇಕು, ಯಾವುದನ್ನು ಕೇಳಬೇಕು? ಈ ಪ್ರಶ್ನೆಗಳನ್ನೇ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಕನ್ನಡಿಗರಿಗೆ ಈ ಕೆಲಸದ ಅಳತೆಗೋಲು ಹೊಸದಲ್ಲ. ನಮ್ಮ ಊರ ಗುಡಿಯ ಮುಂದೆ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ. ಶಾಸನವಿದ್ದಲ್ಲಿ ಯಾವ ಅರಸನ ಕಾಲ, ಯಾವ ಊರು, ಯಾರ ಮಗ, ಯಾವ ಕಾಳಗ ಎಂಬುದನ್ನು ಅದು ಹೇಳುವದು. ಕಲ್ಲುಕುಟಿಗನು ಮೂರು ಪಟ್ಟಿಕೆಗಳ ನಡುವೆ ಗೆರೆ ಎಳೆದಿದ್ದಾನೆ. ಕಾಳಗವನ್ನೂ ಕೈಲಾಸವನ್ನೂ ಅವನು ಬೆರೆಸಲಿಲ್ಲ. ಇಂದಿನ ಚರಿತ್ರೆಗಳಲ್ಲಿ ಆ ಗೆರೆಯೇ ಅಳಿಸಿಹೋಗುತ್ತಿರುವದು. ವಿಶ್ವಕೋಶದ ಬರಹಕ್ಕೆ ಬೇಕಾದುದು ಕೆಳಗಿನ ಪಟ್ಟಿಕೆ. ಅಭಿಮಾನವು ಮೇಲಿನ ಪಟ್ಟಿಕೆಗಳನ್ನು ಕಡೆಯಲಿ, ಬೇಡವೆನ್ನುವದಿಲ್ಲ; ಆದರೆ ಗೆರೆ ಇರಲಿ.

ಮೊದಲು ಸಣ್ಣ ಸಂಗತಿಗಳನ್ನು ನೋಡೋಣ. ಹೆಸರನ್ನು ಮರಾಠಿಯಲ್ಲಿ 'ಮುರಲೀಕಾಂತ' ಎಂದು ಬರೆಯುವರು. ಕನ್ನಡದ ನಾಲಿಗೆಗೆ 'ಮುರಳಿ' ಸಹಜ. ಒಂದನ್ನು ಶೀರ್ಷಿಕೆಗೆ ಇಟ್ಟು ಇನ್ನೊಂದನ್ನು ಮೊದಲ ಸಾಲಿನಲ್ಲಿ ಕಾಣಿಸಿದರೆ ಹುಡುಕುವವನಿಗೆ ಎರಡೂ ಸಿಗುವವು. ಜನ್ಮಸ್ಥಳದ ಮಾತು ಇದಕ್ಕಿಂತ ಸೂಕ್ಷ್ಮವಾದುದು. 'ಸಾಂಗಲಿ ಜಿಲ್ಲೆಯಲ್ಲಿ ಹುಟ್ಟಿದರು' ಎಂದು ಬರೆದರೆ ಇಂದಿನ ನಕಾಶೆಗೆ ಅದು ಸರಿ. ಆದರೆ 1944ರಲ್ಲಿ ಸಾಂಗಲಿ ಎಂಬುದು ಪಟವರ್ಧನರ ಸಂಸ್ಥಾನ. ಪೇಠವನ್ನು ಒಳಗೊಂಡ ವಾಳವಾ ತಾಲೂಕು ಮುಂಬಯಿ ಪ್ರಾಂತದ ಸಾತಾರಾ ಜಿಲ್ಲೆಗೆ ಸೇರಿತ್ತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು. 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರು ಬಂದಿತು. ಇಸ್ಲಾಂಪುರಕ್ಕೆ ಈಶ್ವರಪುರ ಎಂಬ ಹೊಸ ಹೆಸರನ್ನು ರಾಜ್ಯ ಸರಕಾರವು 2025ರಲ್ಲಿ ಸಾರಿತು. ಗಡಿನಾಡಿನವರಾದ ನಮಗೆ ಜಿಲ್ಲೆಯ ಗೆರೆಗಳು ಮನುಷ್ಯನ ಆಯುಷ್ಯದೊಳಗೆ ಎಷ್ಟು ಸಲ ಸರಿಯುವವೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. 'ಅಂದಿನ ಸಾತಾರಾ, ಇಂದಿನ ಸಾಂಗಲಿ ಜಿಲ್ಲೆ' ಎಂಬ ಐದು ಶಬ್ದಗಳು ಸಾಕು. ಹಳೆಯ ದಾಖಲೆಯನ್ನು ಹುಡುಕಹೊರಟವನು ತಪ್ಪು ಕಚೇರಿಯ ಬಾಗಿಲಿಗೆ ಹೋಗುವದು ಅಷ್ಟರಿಂದಲೇ ತಪ್ಪುವದು.

ಸೈನ್ಯದ ಪದವಿಯನ್ನು ಕುರಿತು ಅನುವಾದಕರು ವಿಶೇಷವಾಗಿ ಎಚ್ಚರ ವಹಿಸಬೇಕು. ಪೇಟಕರರು ಇ.ಎಂ.ಇ. ಎಂಬ ಯಂತ್ರವಿದ್ಯಾದಳದಲ್ಲಿ 'ಕ್ರಾಫ್ಟ್ಸ್‌ಮನ್' ಆಗಿದ್ದರು. ಆ ದಳದಲ್ಲಿ ಅದು ಜವಾನನ ದರ್ಜೆಯ ಹೆಸರು. ಇದನ್ನು 'ಕುಶಲಕರ್ಮಿ' ಎಂದು ತರ್ಜುಮೆ ಮಾಡಿದರೆ ಓದುಗನು ಬಡಿಗನನ್ನೋ ಕಮ್ಮಾರನನ್ನೋ ಕಣ್ಣಮುಂದೆ ತಂದುಕೊಳ್ಳುವನು. ಪದವಿಯ ಹೆಸರನ್ನು ಇದ್ದಂತೆಯೇ ಇಟ್ಟು ಅರ್ಥವನ್ನು ಬಿಡಿಸಿ ಹೇಳುವದೇ ಲೇಸು. ಅವರು ಸೈನ್ಯದಲ್ಲಿ ಮುಷ್ಟಿಯುದ್ಧದ ಪಟುವಾಗಿದ್ದರೆಂಬುದನ್ನೂ ಇಲ್ಲಿಯೇ ಹೇಳಬೇಕು; ಮುಂದಿನದೆಲ್ಲಕ್ಕೂ ಅದು ಬುನಾದಿ.

1965ರ ಪಾಕಿಸ್ತಾನದೊಡನೆಯ ಯುದ್ಧದಲ್ಲಿ ಅವರಿಗೆ ಗುಂಡುಗಳು ತಗುಲಿ ತೀವ್ರ ಗಾಯಗಳಾದವು. ಅವರ ನಡೆದಾಟವೇ ನಿಂತುಹೋಯಿತು. ಈ ಪ್ರಸಂಗವನ್ನು ಬರೆಯುವಾಗ ಲೇಖಕನ ಕೈ ತಾನಾಗಿ ರೋಚಕತೆಯ ಕಡೆಗೆ ಎಳೆಯುವದು ಸಹಜ. ಪರಿಶೀಲಕನು ಕೇಳಬೇಕಾದುದು ಇಷ್ಟೆ: ಇದು ಸೈನ್ಯದ ಕಾಗದದಲ್ಲಿರುವ ಮಾತೋ, ಗಾಯಾಳು ಮುಂದೆ ಎಷ್ಟೋ ವರ್ಷಗಳ ಮೇಲೆ ನೆನೆದು ಹೇಳಿದ ಮಾತೋ, ಚಲನಚಿತ್ರದ ಸಂಭಾಷಣೆಯೋ? ಯೋಧನ ನೆನಪಿಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಅದು ಅಮೂಲ್ಯವಾದ ಸಾಕ್ಷ್ಯ. 'ಅವರು ಹೇಳಿದ ಪ್ರಕಾರ' ಎಂದು ಬರೆದು ಅದನ್ನು ಅವರ ಹೆಸರಿನಲ್ಲಿಯೇ ಇಟ್ಟರೆ ಸಾಕ್ಷ್ಯದ ಗೌರವವೂ ಉಳಿಯುವದು, ಸತ್ಯದ ಗೌರವವೂ ಉಳಿಯುವದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಹೈಡೆಲ್‌ಬರ್ಗ ಮತ್ತು ಮ್ಯೂನಿಕ್ ನಗರಗಳ ಗೊಂದಲ ಎಲ್ಲಿಂದ ಹುಟ್ಟಿತು? 1972ರಲ್ಲಿ ಒಲಿಂಪಿಕ್ ಕೂಟ ನಡೆದುದು ಮ್ಯೂನಿಕ್ಕಿನಲ್ಲಿ. ಅಂಗವಿಕಲರ ಕೂಟವನ್ನೂ ಅಲ್ಲಿಯೇ ನಡೆಸುವ ವಿಚಾರವಿತ್ತು. ಆದರೆ ಕ್ರೀಡಾಪಟುಗಳ ವಸತಿಗಳನ್ನು ಖಾಸಗಿ ಮನೆಗಳಾಗಿ ಮಾರ್ಪಡಿಸುವ ಯೋಜನೆ ಇದ್ದುದರಿಂದ ಅದು ಸಾಗಲಿಲ್ಲ. ಹೈಡೆಲ್‌ಬರ್ಗದ ವಿಶ್ವವಿದ್ಯಾಲಯ ಮುಂದೆ ಬಂದಿತು. ಅಂಗವಿಕಲರ ಕೂಟವು ಆಗಸ್ಟ್ ತಿಂಗಳ ಮೊದಲ ಭಾಗದಲ್ಲಿಯೇ ಮುಗಿಯಿತು. ಮ್ಯೂನಿಕ್ ಒಲಿಂಪಿಕ್ ಪ್ರಾರಂಭವಾದುದು ಆಗಸ್ಟ್ 26ಕ್ಕೆ. ಅಲ್ಲಿ ಇಸ್ರೇಲಿನ ಕ್ರೀಡಾಪಟುಗಳ ಮೇಲೆ ಘೋರ ಹಲ್ಲೆ ನಡೆದುದು ಸೆಪ್ಟೆಂಬರ್ 5ಕ್ಕೆ. ಒಂದೇ ದೇಶ, ಒಂದೇ ವರ್ಷ ಎಂಬ ಕಾರಣದಿಂದ ಯಾರಾದರೂ ಈ ಎರಡನ್ನು ಒಂದೇ ಕಥೆಯಲ್ಲಿ ಹೆಣೆದರೆ ಪಂಚಾಂಗವೇ ಅದನ್ನು ಒಪ್ಪದು.

ಈ ತಪ್ಪು ಬರಿಯ ಊರಿನ ಹೆಸರಿನ ತಪ್ಪಲ್ಲ. ಮ್ಯೂನಿಕ್ ಎಂದು ಬರೆದಾಗ ನಾವು ಪೇಟಕರರನ್ನು ಅವರದಲ್ಲದ ಕೂಟಕ್ಕೆ ಸಾಗಿಸಿ, ಅವರದೇ ಆದ ಕೂಟದ ಚರಿತ್ರೆಯನ್ನು ಅಳಿಸಿಬಿಡುವೆವು. ಆ ಕೂಟಕ್ಕೆ ತನ್ನದೇ ಆದ ಘನವಾದ ಹಿನ್ನೆಲೆಯಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಯೋಧರಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರಾದ ಲುಡ್ವಿಗ್ ಗುಟ್‌ಮನ್ನರು 1948ರಲ್ಲಿ ಅದನ್ನು ಪ್ರಾರಂಭಿಸಿದರು. ಆಟವೇ ಔಷಧವೆಂಬುದು ಅವರ ತತ್ತ್ವ. 1972ರ ಕೂಟಕ್ಕೆ ಅಂದು ಇದ್ದ ಹೆಸರೂ ಅಂತರರಾಷ್ಟ್ರೀಯ ಸ್ಟೋಕ್ ಮ್ಯಾಂಡೆವಿಲ್ ಕ್ರೀಡೆಗಳು ಎಂಬುದಾಗಿತ್ತು. ಯುದ್ಧದಲ್ಲಿ ಗಾಯಗೊಂಡ ಜವಾನನೊಬ್ಬನು, ಚಿಕಿತ್ಸೆಗಾಗಿ ನೀರಿಗಿಳಿದು, ಗಾಯಗೊಂಡ ಯೋಧರಿಗಾಗಿಯೇ ಹುಟ್ಟಿದ ಕೂಟದಲ್ಲಿ ಗೆದ್ದನು. ಈ ಸಂಬಂಧಕ್ಕಿಂತ ಹೃದಯಂಗಮವಾದ ಯಾವ ಕಲ್ಪನೆಯನ್ನು ನಾವು ತರಬಲ್ಲೆವು? ಸತ್ಯವೇ ಇಲ್ಲಿ ಕಥೆಗಿಂತ ಹಿರಿದು.

ಗೆಲುವಿನ ಅಂಕಿಯೂ ಪೂರ್ತಿಯಾಗಿ ಬರಬೇಕು. ಪುರುಷರ 50 ಮೀಟರ್ ಮುಕ್ತಶೈಲಿಯ ಈಜು, 3ನೇ ವರ್ಗ, 37.33 ಸೆಕೆಂಡು, ಅಂದಿನ ಜಾಗತಿಕ ದಾಖಲೆ. ಈ ನಾಲ್ಕರಲ್ಲಿ 'ವರ್ಗ' ಎಂಬುದನ್ನು ಬಿಟ್ಟರೆ ಉಳಿದ ಮೂರಕ್ಕೆ ಅರ್ಥವಿಲ್ಲ. ಅಂದು ಬೆನ್ನುಹುರಿಯ ಪೆಟ್ಟಿನ ಮಟ್ಟವನ್ನು ನೋಡಿ ವರ್ಗಗಳನ್ನು ಮಾಡುತ್ತಿದ್ದರು; ಮುಂದೆ ಆ ವ್ಯವಸ್ಥೆಯೇ ಬದಲಾಯಿತು. ಆದುದರಿಂದ ಅಂದಿನ ಅಂಕಿಯನ್ನು ಇಂದಿನ ಈಜುಗಾರರ ಅಂಕಿಯ ಪಕ್ಕದಲ್ಲಿಟ್ಟು ತೂಗುವದು ಸಲ್ಲದು. ಅದೇ ಕೂಟದಲ್ಲಿ ಅವರು ಭರ್ಚಿ ಎಸೆತದಲ್ಲಿಯೂ ಗಾಲಿಕುರ್ಚಿಯ ಸ್ಪರ್ಧೆಯಲ್ಲಿಯೂ ಭಾಗವಹಿಸಿದ್ದರು. ಭಾಗವಹಿಸಿದುದನ್ನು ಭಾಗವಹಿಸಿದುದೆಂದೇ ಬರೆಯಬೇಕು, ಪದಕ ಒಂದೇ.

'ಪ್ರಥಮ' ಎಂಬ ವಿಶೇಷಣವು ವಿಶ್ವಕೋಶಗಳಲ್ಲಿ ಅತಿ ಹೆಚ್ಚು ದುರುಪಯೋಗವಾಗುವ ಶಬ್ದ. 1928ರಲ್ಲಿ ಭಾರತದ ಹಾಕಿ ತಂಡವು ಒಲಿಂಪಿಕ್ಕಿನಲ್ಲಿ ಬಂಗಾರ ಪಡೆಯಿತು, ಅದು ತಂಡದ್ದು. ಪೇಠದಿಂದ ಬಹು ದೂರವಿಲ್ಲದ ಕರಾಡದ ಹತ್ತಿರದ ಗೋಳೇಶ್ವರದ ಪೈಲವಾನ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಪಡೆದರು. ಸ್ವತಂತ್ರ ಭಾರತದ ವ್ಯಕ್ತಿಯೊಬ್ಬನ ಮೊದಲ ಒಲಿಂಪಿಕ್ ಪದಕವದು. 2004ರಲ್ಲಿ ಅಥೆನ್ಸಿನಲ್ಲಿ ದೇವೇಂದ್ರ ಝಾಝರಿಯಾ ಅವರು ಭರ್ಚಿ ಎಸೆತದಲ್ಲಿ ಬಂಗಾರ ಪಡೆದರು. ಪ್ಯಾರಾಲಿಂಪಿಕ್ಕಿನಲ್ಲಿ ಅದು ಭಾರತದ ಎರಡನೆಯ ಬಂಗಾರ. 2008ರಲ್ಲಿ ಅಭಿನವ ಬಿಂದ್ರಾ ಅವರದು ಒಲಿಂಪಿಕ್ಕಿನಲ್ಲಿ ವ್ಯಕ್ತಿಗತವಾದ ಮೊದಲ ಬಂಗಾರ. ಇವುಗಳ ನಡುವೆ ಪೇಟಕರರ ಸ್ಥಾನ ಸುಸ್ಪಷ್ಟ: ಪ್ಯಾರಾಲಿಂಪಿಕ್ಕಿನಲ್ಲಿ ಭಾರತದ ಮೊದಲ ಪದಕ, ಮೊದಲ ಬಂಗಾರ. ವಿಶೇಷಣಗಳನ್ನು ಕತ್ತರಿಸಿ ಬರಿಯ 'ಪ್ರಥಮ'ವನ್ನು ಉಳಿಸಿದರೆ ಒಬ್ಬರ ಗೌರವವನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟಂತಾಗುವದು. 32 ವರ್ಷಗಳ ಅಂತರದಲ್ಲಿ ಗೆದ್ದ ಇಬ್ಬರಲ್ಲಿ ಹಿಂದಿನವರನ್ನು ಮರೆಯುವದು ಎಷ್ಟು ಸುಲಭವೆಂಬುದನ್ನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಕೂದಲು ಸೀಳುವದರಿಂದ ವೀರನು ಸಣ್ಣವನಾಗುವದಿಲ್ಲವೇ ಎಂದು ಕೆಲವು ಸಹೃದಯರು ಕೇಳಬಹುದು. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಪೇಟಕರರದೇ ದಳದವರಾದ ಮಿಲ್ಖಾ ಸಿಂಗರನ್ನು ನೆನೆಯೋಣ. 1960ರ ರೋಮ್ ಕೂಟದಲ್ಲಿ ಅವರು 400 ಮೀಟರ್ ಓಟದಲ್ಲಿ ನಾಲ್ಕನೆಯವರಾದರು. ಕೈಗಡಿಯಾರದ ಎಣಿಕೆಯಲ್ಲಿ 45.6 ಸೆಕೆಂಡು, ಕಂಚು ಪಡೆದವನದು 45.5. ಅವರು ಹಿಂದಿರುಗಿ ನೋಡಿದುದರಿಂದ ಸೋತರೆಂಬ ಕಥೆ ಎಲ್ಲರಿಗೂ ಗೊತ್ತು. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದ ಆ ಅಂತರ ಎಷ್ಟು ಜನರಿಗೆ ಗೊತ್ತು? ಕಥೆಗಿಂತ ಆ ಅಂಕಿಯೇ ಅವರ ಸಾಮರ್ಥ್ಯವನ್ನು ಹೆಚ್ಚಾಗಿ ಸಾರುವದು. ಉತ್ಪ್ರೇಕ್ಷೆಯ ಅಪಾಯವೆಂದರೆ, ಒಂದು ಸುಳ್ಳು ಬಯಲಾದ ದಿನ ಓದುಗನು ಹತ್ತು ನಿಜಗಳನ್ನೂ ನಂಬದೆ ಹೋಗುವನು.

ಹಾಗೆಂದು ಪರಿಶೀಲನೆಯೆಂದರೆ ಬರಿಯ ಕತ್ತರಿ ಪ್ರಯೋಗವಲ್ಲ. ಬರೆದುದರಲ್ಲಿಯ ತಪ್ಪನ್ನು ತೋರಿಸುವದು ಅರ್ಧ ಕೆಲಸ. ಬರೆಯದೆ ಬಿಟ್ಟುದನ್ನು ಕೇಳುವದು ಉಳಿದರ್ಧ. 1965ರ ಗಾಯಕ್ಕೂ 1968ರಲ್ಲಿ ಟೆಲ್ ಅವೀವದ ಕೂಟದಲ್ಲಿ ಅವರು ಟೇಬಲ್ ಟೆನಿಸ್ ಆಡಿದುದಕ್ಕೂ ನಡುವೆ ಮೂರೇ ವರ್ಷ. ಮುಷ್ಟಿಯುದ್ಧದ ಪಟು ಗಾಲಿಕುರ್ಚಿಯಲ್ಲಿ ಕುಳಿತು ಹೊಸ ಆಟಗಳನ್ನು ಕಲಿತ ಆ ಮೂರು ವರ್ಷಗಳೇ ಚರಿತ್ರೆಯ ಜೀವಾಳ. ಕ್ರಿಕೆಟ್ ಆಟಗಾರರಾದ ವಿಜಯ ಮರ್ಚಂಟರ ಸಂಸ್ಥೆಯ ನೆರವಿನಿಂದ ವಿದೇಶ ಪ್ರವಾಸ ಸಾಧ್ಯವಾಯಿತೆಂಬ ಸಂಗತಿ ಒಂದು ಸಾಲಿನಲ್ಲಿ ಮುಗಿಯತಕ್ಕದ್ದಲ್ಲ. ಅದಕ್ಕಿಂತ ದೊಡ್ಡ ಮೌನ 1972ರಿಂದ 2018ರ ವರೆಗಿನದು. ಆ ದೀರ್ಘ ಕಾಲದಲ್ಲಿ ಅವರು ಪುಣೆಯ ಟೆಲ್ಕೋ ಕಾರಖಾನೆಯಲ್ಲಿ ನೌಕರಿ ಮಾಡಿ ಬಾಳಿದರು. ದೇಶದ ಮೊದಲ ಬಂಗಾರಕ್ಕೂ ಪದ್ಮಶ್ರೀಗೂ ನಡುವೆ 46 ವರ್ಷ. 2024ನೇ ಸಾಲಿನ ಅರ್ಜುನ ಪ್ರಶಸ್ತಿ ಅವರ ಕೈಸೇರಿದುದು 2025ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ. ಖಾಶಾಬಾ ಜಾಧವರಿಗಂತೂ ಆ ಪ್ರಶಸ್ತಿ ಬಂದುದು ಅವರು 1984ರಲ್ಲಿ ತೀರಿಕೊಂಡ ಬಳಿಕ. 'ಮುಂದೆ ಅವರಿಗೆ ಪ್ರಶಸ್ತಿಗಳು ಲಭಿಸಿದವು' ಎಂಬ ಒಂದು ವಾಕ್ಯವು ಈ ಕಾಲವನ್ನೆಲ್ಲ ನುಂಗಿಬಿಡುವದು. ಅಂಥ ವಾಕ್ಯದ ಎದುರಿಗೆ ಪರಿಶೀಲಕನು ಕೆಂಪು ಗುರುತು ಹಾಕಲೇಬೇಕು. ಏಕೆಂದರೆ ಅಲ್ಲಿ ತಪ್ಪಿಲ್ಲ, ಆದರೆ ನ್ಯಾಯವೂ ಇಲ್ಲ.

ಕೊನೆಯದಾಗಿ ಒಂದು ಬಿನ್ನಹ. ಜತ್ತ, ಮಿರಜೆಗಳ ಕನ್ನಡ ಶಿಕ್ಷಕರಿಗೆ ಕನ್ನಡವೂ ಬರುವದು, ಮರಾಠಿಯೂ ಬರುವದು. ಮರಾಠಿಯ ಹಳೆಯ ಪತ್ರಿಕೆಗಳನ್ನು ಓದಿ, ಊರ ಹಿರಿಯರನ್ನು ಕೇಳಿ, ಕನ್ನಡದಲ್ಲಿ ಬರೆಯಬಲ್ಲವರು ನಮ್ಮಲ್ಲಿಯೇ ಇದ್ದಾರೆ. ಈ ಯೋಗ್ಯತೆ ಬೆಂಗಳೂರಿನವರಿಗೂ ಪುಣೆಯವರಿಗೂ ಅಷ್ಟು ಸುಲಭವಾಗಿ ಇಲ್ಲ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಕಿನಲ್ಲಿ ಇದೇ ಜಿಲ್ಲೆಯ ಆಟಪಾಡಿ ತಾಲೂಕಿನ ಕರಗಣಿಯ ಸಚಿನ ಖಿಲಾರಿ ಅವರು 16.32 ಮೀಟರ್ ಗುಂಡು ಎಸೆದು ಬೆಳ್ಳಿ ಪಡೆದರು. ಅವರ ಗುರುಗಳು, ಗೆಳೆಯರು, ಊರವರು ಎಲ್ಲರೂ ಇಂದು ಕೈಗೆಟುಕುವಂತಿದ್ದಾರೆ. ಪೇಟಕರರ ವಿಷಯದಲ್ಲಿ ಅರ್ಧ ಶತಮಾನ ತಡಮಾಡಿದ ತಪ್ಪನ್ನು ಇಲ್ಲಿಯೂ ಮಾಡಬೇಕಾಗಿಲ್ಲ. ಒಂದೊಂದು ಶಾಲೆ ಒಂದೊಂದು ಚರಿತ್ರೆಯನ್ನು ಕೈಗೆತ್ತಿಕೊಂಡು, ಬರೆದು, ನೆರೆಯ ಶಾಲೆಯ ಶಿಕ್ಷಕರಿಗೆ ಪರಿಶೀಲನೆಗೆ ಕೊಟ್ಟರೆ ಸಾಕು. ಕಲ್ಲಿನಲ್ಲಿ ತಪ್ಪು ಕೆತ್ತಿದರೆ ಅಳಿಸುವದು ಕಷ್ಟವಾಗಿತ್ತು. ಇಂದಿನ ವಿಶ್ವಕೋಶದಲ್ಲಿ ತಿದ್ದುವದು ಸುಲಭ. ಸುಲಭವಾದುದನ್ನೂ ಮಾಡದಿದ್ದರೆ ಹೊಣೆ ನಮ್ಮದೇ.